ಗುಜರಿಯ ಉಳಿ, ನಮ್ಮ ಕುಲುಮೆಯ ಉಕ್ಕು

ಬೆಂಗಳೂರಿಗೆ ಲೋಡ್ ಹಾಕಿಕೊಂಡು ಹೋದಾಗ ಭಾನುವಾರ ಬಿದ್ದರೆ ಚಿಕ್ಕಪೇಟೆ ಕಡೆಯ ಸಂಡೇ ಬಜಾರ್‌ಗೆ ಹೋಗಿ ಹಳೆ ಸಾಮಾನು ನೋಡ್ತೀನಿ. ಉಳಿ, ಗರಗಸ, ಬಾಚಿ, ತೋಪಡಾ. ಇವುಗಳ ವಯಸ್ಸು, ಬೆಲೆ ಹೇಗೆ ಗೊತ್ತಾಗುತ್ತೆ ಅಂತ ಕೆಲವರು ಕೇಳ್ತಾ ಇರ್ತೀರಿ. ತಿಳಿದಷ್ಟು ಬರೀತೀನಿ.

ಮೇಲಿನ ತುಕ್ಕಿಗೆ ಹೆದರಬೇಡಿ, ಅದು ಉಜ್ಜಿದರೆ ಹೋಗುತ್ತೆ. ಉಳಿಯ ಚಪ್ಪಟೆ ಮಗ್ಗುಲಲ್ಲಿ, ಬಾಯಿ ಹತ್ತಿರ ತುಕ್ಕು ಕೊರೆದು ಗುಳಿ ಬಿದ್ದಿದ್ದರೆ ಮಾತ್ರ ಬಿಟ್ಟುಬಿಡಿ. ಎಷ್ಟು ಮಸೆದರೂ ಬಾಯಿ ನೇರ ಬರಲ್ಲ. ಬಾಯಿ ನೀಲಿ ತಿರುಗಿದ್ದರೆ ಯಾರೋ ಮಿಷನ್ ಕಲ್ಲಿಗೆ ಹಿಡಿದು ಹದ ಸುಟ್ಟಿದ್ದಾರೆ ಅಂತ. ಜೇಬಲ್ಲಿ ಒಂದು ಸಣ್ಣ ಅರ ಇರಲಿ. ಬಾಯಿ ಮೇಲೆ ಅರ ಜಾರಬೇಕು, ಮೈ ಮೇಲೆ ಕಚ್ಚಬೇಕು.

ಆಮೇಲೆ ಮುದ್ರೆ. ಸ್ಟ್ಯಾನ್ಲಿ ಕಂಪನಿಯ ತೋಪಡಾ ಒಳಗೆ 1902ರ ಎರಡು, 1910ರ ಒಂದು, ಹೀಗೆ ಮೂರು ತಾರೀಖು ಎರಕದಲ್ಲೇ ಇದ್ದರೆ ಅವು ಪೇಟೆಂಟ್ ತಾರೀಖು. 1902 ಅಂತ ಕಂಡ ತಕ್ಷಣ ಅಷ್ಟು ಹಳೇದು ಅನ್ನಬೇಡಿ. ಅದು 1910ಕ್ಕಿಂತ ಹಿಂದಿನದಲ್ಲ ಅಂತ ಮಾತ್ರ ಅರ್ಥ.

ಇಂಗ್ಲೆಂಡಿನ ಶೆಫೀಲ್ಡ್ ಉಳಿಗಳ ಮೇಲೆ 'ಕಾಸ್ಟ್ ಸ್ಟೀಲ್' ಅಂತ ಒತ್ತಿರುತ್ತೆ. ಅದು ಎರಕದ ಬೀಡು ಕಬ್ಬಿಣ ಅಲ್ಲ, ಮೂಸೆಯಲ್ಲಿ ಕರಗಿಸಿದ ಉಕ್ಕು. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಅನ್ನೋ ಗಡಿಯಾರ ಮಾಡುವವನು, ಸ್ಪ್ರಿಂಗಿಗೆ ಒಳ್ಳೆ ಉಕ್ಕು ಬೇಕು ಅಂತ ಮಣ್ಣಿನ ಮೂಸೆಯಲ್ಲಿ ಉಕ್ಕು ಕರಗಿಸೋದನ್ನ ಸಾಧಿಸಿದ. ಈ ಉಕ್ಕು ದುಬಾರಿ. ಹಾಗಾಗಿ ಎಷ್ಟೋ ಉಳಿಗಳಲ್ಲಿ ಮೈ ಮೆದು ಕಬ್ಬಿಣ, ಬಾಯಿಗೆ ಮಾತ್ರ ಉಕ್ಕಿನ ತೆಳು ಪಟ್ಟಿ. ಮಸೆದರೆ ಎರಡರ ನಡುವೆ ಗೆರೆ ಕಾಣುತ್ತೆ.

ಮೂಸೆಯಲ್ಲಿ ಉಕ್ಕು ಮಾಡೋದು ನಮ್ಮ ಕಡೆ ಅವನಿಗಿಂತ ಶತಮಾನಗಳ ಹಿಂದಿನ ವಿದ್ಯೆ. ಅವನು ಇಲ್ಲಿಂದ ಕಲಿತ ಅಂತ ನಾನು ಹೇಳ್ತಾ ಇಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್ ಇದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಡ್ಡಿ, ಹಸಿ ಎಲೆ, ಮೇಲೆ ಮಣ್ಣು ಮೆತ್ತಿ ತಿದಿ ಊದಿ ಕಾಯಿಸೋದು. ನಮ್ಮ ಬದುವಿನ ಅದೇ ತಂಗಡಿ ಗಿಡ! ಅದಕ್ಕೂ ಐದು ವರ್ಷ ಮುಂಚೆ, 1795ರಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಜಾರ್ಜ್ ಪಿಯರ್ಸನ್ ಇಲ್ಲಿನ ಉಕ್ಕನ್ನು ಪರೀಕ್ಷಿಸಿ ಪ್ರಬಂಧ ಓದಿದ್ದ. ಅವರು ಅದನ್ನ 'ವೂಟ್ಸ್' ಅಂದರು. ನಮ್ಮ 'ಉಕ್ಕು' ಪದವೇ ಹಾಗಾಯ್ತು ಅಂತ ವಿದ್ವಾಂಸರು ಹೇಳ್ತಾರೆ.

ಈಗ ಬೆಲೆ ವಿಷಯಕ್ಕೆ ಬನ್ನಿ. ಶೆಫೀಲ್ಡ್ ಮುದ್ರೆ ಇದ್ದರೆ ಗುಜರಿಯವನು ಹೆಸರು ಹೇಳಿ ರೇಟು ಕಟ್ಟುತ್ತಾನೆ. ಪಕ್ಕದಲ್ಲೇ ನಮ್ಮೂರಿನಂಥ ಊರಿನ ಕಮ್ಮಾರ ಬಡಿದ ಬಾಚಿ ಬಿದ್ದಿರುತ್ತೆ. ಅದರಲ್ಲೂ ಮೆದು ಕಬ್ಬಿಣದ ಮೈ, ಬಾಯಿಗೆ ಉಕ್ಕು ಕೂರಿಸಿ ಬೆಸೆದಿರ್ತಾನೆ, ಅದೇ ಗೆರೆ ಇಲ್ಲೂ ಕಾಣುತ್ತೆ. ಆದರೆ ಮುದ್ರೆ ಇಲ್ಲ, ಅದಕ್ಕೇ ಕೆಜಿ ಲೆಕ್ಕ. ಕಮ್ಮಾರನಿಗೆ ಮುದ್ರೆ ಯಾತಕ್ಕೆ? ಕೊಳ್ಳುವವರೆಲ್ಲ ಮುಖ ಬಲ್ಲವರು. ಸುಗ್ಗಿಯಲ್ಲಿ ಕಾಳು ಅಳೆದುಕೊಟ್ಟರೆ ವರ್ಷವೆಲ್ಲ ಕುಡುಗೋಲು ತಟ್ಟಿ ಕೊಡುತ್ತಿದ್ದ. ಆ ಸಂಬಂಧ ಹೋಯ್ತು, ಸಾಮಾನು ಅನಾಥ ಆಯ್ತು. ಲಾರಿ ಹತ್ತಿ ಕರಗೋಕೆ ಹೋಗ್ತಾ ಇದೆ.

ನಾನು ಈಗ ಒಂದು ಕೆಲಸ ಮಾಡ್ತೀನಿ. ನಮ್ಮ ಸುತ್ತಲ ಹಳ್ಳಿಯ ಸಾಮಾನು ಸಿಕ್ಕಿದ್ರೆ ಮಾಡಿದವರ ಹೆಸರು, ಊರು, ಸುಮಾರು ಯಾವ ಕಾಲ, ಯಾವ ಕೆಲಸಕ್ಕೆ ಅಂತ ವಯಸ್ಸಾದವರನ್ನ ಕೇಳಿ ಚೀಟಿ ಬರೆದು ಕಾವಿಗೆ ಕಟ್ತೀನಿ. ಉಕ್ಕಿನ ಪರೀಕ್ಷೆ ಅರದಿಂದ ನೂರು ವರ್ಷ ಆದ ಮೇಲೂ ಆಗುತ್ತೆ. ಹೆಸರು ಹೇಳುವವರು ಅಷ್ಟು ದಿನ ಇರಲ್ಲ. ನಿಮ್ಮ ಅಟ್ಟದ ಮೇಲೆ ಇದ್ರೆ, ಗುಜರಿ ಗಾಡಿ ಬರೋ ಮುಂಚೆ ಮನೆ ಹಿರಿಯರನ್ನ ಒಂದು ಮಾತು ಕೇಳಿಬಿಡಿ.