ಪ್ಲಂಬರ್ ಕಲಸಿದ ಮಜ್ಜಿಗೆ, ಬ್ಲೀಚ್ ಕಂಪನಿ ಕೊಂಡ ಪೊಟ್ಟಣ

ಇವತ್ತಿನ ಸಂಚಿಕೆಯಲ್ಲಿ ರಾಜರೂ ಇಲ್ಲ, ಯುದ್ಧವೂ ಇಲ್ಲ. ಒಂದು ಔನ್ಸ್, ಅಂದ್ರೆ ಹೆಚ್ಚುಕಮ್ಮಿ 28 ಗ್ರಾಂ ತೂಗುವ ಒಂದು ಮಸಾಲೆ ಪೊಟ್ಟಣದ ಕಥೆ ಇದೆ. ಅಮೆರಿಕದಲ್ಲಿರುವ ನಮ್ಮವರಿಗೆ ಇದು ಚೆನ್ನಾಗಿ ಗೊತ್ತು. ಅದರ ಹೆಸರು ರ‍್ಯಾಂಚ್ ಡ್ರೆಸ್ಸಿಂಗ್. ಸಲಾಡ್ ಮೇಲೆ ಸುರಿಯೋದಕ್ಕೆ, ಕ್ಯಾರೆಟ್ಟು ಅದ್ದಿ ತಿನ್ನೋದಕ್ಕೆ, ಕೆಲವರಿಗಂತೂ ಪಿಜ್ಜಾಗೂ ಅದೇ ಬೇಕು.

ನಾನು ಮೊದಲ ಸಲ ಅದನ್ನು ಮಾಡಿ ಕೆಡಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ ಓದ್ತಿದ್ದಾಗ. ಅಮ್ಮ ನನ್ನ ಜೊತೆ ಎರಡು ತಿಂಗಳು ಇರೋಕೆ ಬಂದಿದ್ರು. ಮನೆಗೆ ಸ್ನೇಹಿತರು ಬರೋರಿದ್ದರು. ಒಂದು ಪೊಟ್ಟಣ ಪುಡಿ, ಒಂದು ಕಪ್ ಮೆಯೊನೀಸ್, ಒಂದು ಕಪ್ 'ಬಟರ್‌ಮಿಲ್ಕ್', ಇಷ್ಟೇ ಲೆಕ್ಕ ಅಂತ ಯಾರೋ ಹೇಳಿದ್ದರು. ಬಟರ್‌ಮಿಲ್ಕ್ ಅಂದ್ರೆ ಮಜ್ಜಿಗೆ ತಾನೇ? ಅಮ್ಮ ಬೆಳಿಗ್ಗೆ ಕಡೆದಿಟ್ಟಿದ್ದ ಮಜ್ಜಿಗೆಯನ್ನೇ ಒಂದು ಕಪ್ ಸುರಿದೆ. ಸಾಸ್ ಆಗಬೇಕಿದ್ದದ್ದು ನೀರುನೀರಾಗಿ ತಟ್ಟೆಯ ಅಂಚಿಗೆ ಹರಿದುಹೋಯ್ತು. ಅಮ್ಮ ಬಗ್ಗಿ ನೋಡಿ, "ಮಜ್ಜಿಗೆ ಅಂತ ಹೇಳಿದ್ರೆ, ಯಾರ ಮನೆ ಮಜ್ಜಿಗೆ ಅಂತ ಕೇಳ್ಬೇಡ್ವೇನೋ?" ಅಂದ್ರು.

ಆ ಪ್ರಶ್ನೆ ಇವತ್ತಿಗೂ ನನ್ನ ತಲೆಯಲ್ಲಿದೆ. ಯಾಕಂದ್ರೆ ರ‍್ಯಾಂಚ್‌ನ ಇಡೀ ಇತಿಹಾಸ ನಿಂತಿರೋದೇ ಅದರ ಮೇಲೆ. ಯಾರ ಮನೆಯ ಮಜ್ಜಿಗೆ ಅದು?

ಕಥೆ ಶುರುವಾಗೋದು ಅಲಾಸ್ಕಾದಲ್ಲಿ. 1918ರಲ್ಲಿ ಹುಟ್ಟಿದ, ನೆಬ್ರಾಸ್ಕಾದ ಥೇಯರ್ ಎಂಬ ಊರಿನ ಸ್ಟೀವ್ ಹೆನ್ಸನ್ ಎಂಬಾತ 1949ರ ಸುಮಾರಿಗೆ ಅಲ್ಲಿ ಪ್ಲಂಬಿಂಗ್ ಕಂಟ್ರಾಕ್ಟರ್ ಆಗಿದ್ದ. ಊರುಗಳಿಂದ ದೂರ, ಕಾಡಿನ ನಡುವಿನ ಶಿಬಿರಗಳಲ್ಲಿ ಪೈಪು ಹಾಕಿಸೋ ಕೆಲಸ. ಜೊತೆಗೆ ತನ್ನ ಆಳುಗಳಿಗೆ ಅಡುಗೆ ಮಾಡಿ ಹಾಕೋದೂ ಅವನೇ. ಚಳಿಯಲ್ಲಿ ದಿನವಿಡೀ ದುಡಿದು ಬಂದವರಿಗೆ ಊಟ ರುಚಿಸದೇ ಹೋದ್ರೆ ಅಡುಗೆಯವನ ಗತಿ ಏನಾಗುತ್ತೆ ಅನ್ನೋದು ಗುಂಪಿಗೆ ಅಡುಗೆ ಮಾಡಿದವರಿಗೆಲ್ಲ ಗೊತ್ತು. ಬಟರ್‌ಮಿಲ್ಕ್, ಮೆಯೊನೀಸ್, ಬೆಳ್ಳುಳ್ಳಿ, ಈರುಳ್ಳಿ, ಮೆಣಸು, ಒಣಗಿದ ಸೊಪ್ಪು, ಇಂಥವನ್ನೆಲ್ಲ ಕಲಸಿ ಅವನು ಒಂದು ಡ್ರೆಸ್ಸಿಂಗ್ ಮಾಡಿದ. ಅದು ಆಳುಗಳ ಬಾಯಿಗೆ ಹಿಡಿಸಿತು.

ಪ್ಲಂಬಿಂಗ್‌ನಲ್ಲಿ ಒಳ್ಳೆ ದುಡ್ಡು ಮಾಡಿಕೊಂಡು, ಇನ್ನೂ ಮೂವತ್ತೈದರ ಆಸುಪಾಸಿನಲ್ಲೇ ಹೆನ್ಸನ್ ಆ ಕೆಲಸ ಬಿಟ್ಟ. ಹೆಂಡತಿ ಗೇಲ್ ಜೊತೆ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಕಡೆಗೆ ಬಂದ. 1950ರ ದಶಕದ ಮಧ್ಯದಲ್ಲಿ ಸ್ಯಾನ್ ಮಾರ್ಕೋಸ್ ಪಾಸ್ ಎಂಬ ಘಟ್ಟದ ದಾರಿಯಲ್ಲಿ 'ಸ್ವೀಟ್‌ವಾಟರ್' ಅನ್ನೋ ರ‍್ಯಾಂಚ್ ಕೊಂಡು, ಅದಕ್ಕೆ 'ಹಿಡನ್ ವ್ಯಾಲಿ' ಅಂತ ಹೊಸ ಹೆಸರಿಟ್ಟರು. ಅಡಗಿದ ಕಣಿವೆ ಅಂತ ಅರ್ಥ. ಪಟ್ಟಣದವರು ಬಂದು ಉಳಿದು, ಕುದುರೆ ಸವಾರಿ ಮಾಡಿ, ಉಂಡು ಹೋಗುವ ಜಾಗ ಅದು. ಈಗಿನ ನಮ್ಮ ಹೋಮ್‌ಸ್ಟೇ ಇದ್ದ ಹಾಗೆ ಅಂದ್ಕೊಳ್ಳಿ.

ಊಟಕ್ಕೆ ಅಲಾಸ್ಕಾದ ಅದೇ ಡ್ರೆಸ್ಸಿಂಗ್. ಬಂದವರು ಕುದುರೆಯನ್ನು ಮರೆತರೂ ಅದನ್ನು ಮರೆಯಲಿಲ್ಲ. ಹೊರಡುವಾಗ ಜಾಡಿಯಲ್ಲಿ ತುಂಬಿಸಿಕೊಂಡು ಹೋಗತೊಡಗಿದರು. ಹತ್ತಿರದಲ್ಲೇ, ಹಳೇ ಕಾಲದ ಕುದುರೆ ಗಾಡಿಗಳು ನಿಲ್ಲುತ್ತಿದ್ದ ತಾಣವಾದ 'ಕೋಲ್ಡ್ ಸ್ಪ್ರಿಂಗ್ ಟ್ಯಾವರ್ನ್' ಅನ್ನೋ ಊಟದ ಮನೆ ಇತ್ತು. ಅದರ ಒಡತಿ ಆಡ್ರಿ ಓವಿಂಗ್ಟನ್ ಇವರ ಸ್ನೇಹಿತೆ. ಡ್ರೆಸ್ಸಿಂಗ್ ಅನ್ನು ವ್ಯಾಪಾರಕ್ಕೆಂದು ಕೊಂಡ ಮೊದಲ ಗಿರಾಕಿ ಆಕೆಯೇ.

ಹಾಗಾದ್ರೆ ಪೊಟ್ಟಣ ಎಲ್ಲಿಂದ ಬಂತು? ಇದಕ್ಕೊಂದು ಕಥೆ ಹೇಳ್ತಾರೆ. ಹವಾಯಿಗೆ ಹೊರಟಿದ್ದ ಅತಿಥಿಯೊಬ್ಬ ಮುನ್ನೂರು ಜಾಡಿ ಕೇಳಿದನಂತೆ. ಅಷ್ಟು ಡ್ರೆಸ್ಸಿಂಗ್ ಕಲಸಿ, ಕೆಡದ ಹಾಗೆ ಕಳಿಸೋದು ಆಗದ ಮಾತು. ಹಾಗಾಗಿ ಹೆನ್ಸನ್ ಒಣ ಪುಡಿಯನ್ನಷ್ಟೇ ಕೊಟ್ಟು, ಹೀಗೆ ಕಲಸ್ಕೊಳ್ಳಿ ಅಂತ ಹೇಳಿ ಕಳಿಸಿದನಂತೆ. ಕಥೆಗೆ ಉಪ್ಪುಖಾರ ಸೇರಿರಬಹುದು. ಆದರೆ ಅದರೊಳಗಿನ ಉಪಾಯ ದೊಡ್ಡದು. ಕೆಡುವುದನ್ನು ಮತ್ತು ಕೆಡದಿರುವುದನ್ನು ಬೇರೆ ಬೇರೆ ಮಾಡಿಬಿಟ್ಟ. ಮೆಯೊನೀಸು, ಬಟರ್‌ಮಿಲ್ಕು ಬೇಗ ಹಾಳಾಗುತ್ತವೆ. ಅವು ಕೊಳ್ಳುವವರ ಮನೆಯ ಫ್ರಿಡ್ಜಿನಲ್ಲೇ ಇವೆ. ಒಣ ಬೆಳ್ಳುಳ್ಳಿ, ಈರುಳ್ಳಿ, ಉಪ್ಪು, ಸೊಪ್ಪು ತಿಂಗಳುಗಟ್ಟಲೆ ಇರುತ್ತವೆ, ಲಕೋಟೆಯಲ್ಲಿ ಹೋಗುತ್ತವೆ. ಅಂಚೆಯಲ್ಲಿ ಪೊಟ್ಟಣಕ್ಕೆ 75 ಸೆಂಟ್ಸ್ ಅಂತ ಮಾರಾಟ ಶುರುವಾಯ್ತು. ಮನೆಯ ಕೋಣೆ ಕೋಣೆಯನ್ನೂ ಈ ಕೆಲಸವೇ ನುಂಗಿತು. 1960ರ ದಶಕದ ಮಧ್ಯದ ಹೊತ್ತಿಗೆ ಅತಿಥಿಗಳ ರ‍್ಯಾಂಚ್ ಮುಚ್ಚಿತ್ತು, ಪುಡಿಯ ವ್ಯಾಪಾರ ಜೋರಾಗಿತ್ತು. ಜಾಗ ಹೋಯ್ತು, ಹೆಸರು ಉಳೀತು.

ಇನ್ನೊಂದು ಕಡೆ ಕ್ಲೋರಾಕ್ಸ್ ಕಂಪನಿಯ ಕಥೆ ನಡೀತಿತ್ತು. 1913ರಲ್ಲಿ ಓಕ್ಲೆಂಡ್‌ನಲ್ಲಿ ಶುರುವಾದದ್ದು, ಬಟ್ಟೆ ಬಿಳಿ ಮಾಡುವ ಬ್ಲೀಚ್ ತಯಾರಿಸೋದು. 1957ರಲ್ಲಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಅದನ್ನು ಕೊಂಡುಕೊಂಡಿತ್ತು. ಇದು ಪೈಪೋಟಿಯನ್ನೇ ಕೊಲ್ಲುತ್ತೆ ಅಂತ ಸರ್ಕಾರದ ವಾಣಿಜ್ಯ ಆಯೋಗ ತಕರಾರು ತೆಗೀತು. 1967ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆಯೋಗದ ಪರವಾಗಿ ತೀರ್ಪು ಕೊಟ್ಟಿತು. 1969ರ ಆರಂಭದಲ್ಲಿ ಕ್ಲೋರಾಕ್ಸ್ ಮತ್ತೆ ಸ್ವತಂತ್ರವಾಯ್ತು. ಒಂದೇ ಸರಕನ್ನು ನಂಬಿಕೊಂಡು ಕೂರೋ ಹಾಗಿರಲಿಲ್ಲ. ಬೇರೆ ಬೇರೆ ಬ್ರ್ಯಾಂಡುಗಳನ್ನು ಹುಡುಕತೊಡಗಿದ ಕಂಪನಿ, 1972ರ ಅಕ್ಟೋಬರ್‌ನಲ್ಲಿ 80 ಲಕ್ಷ ಡಾಲರ್ ಕೊಟ್ಟು ಹಿಡನ್ ವ್ಯಾಲಿಯನ್ನು ಕೊಂಡಿತು. ಏಕಸ್ವಾಮ್ಯದ ಮೇಲಿನ ಒಂದು ಕೋರ್ಟ್ ತೀರ್ಪು ಸುತ್ತಿ ಬಳಸಿ ಜನರ ಸಲಾಡ್ ಬಟ್ಟಲಿಗೆ ಬಂದ ದಾರಿ ಇದು.

ಕ್ಲೋರಾಕ್ಸ್ ಮಾಡಿದ ಮೊದಲ ಮುಖ್ಯ ಬದಲಾವಣೆ ಮಜ್ಜಿಗೆಯ ಮೇಲೇ. ಎಲ್ಲರ ಫ್ರಿಡ್ಜಿನಲ್ಲೂ ಹಾಲು ಇರುತ್ತೆ, ಬಟರ್‌ಮಿಲ್ಕ್ ಇರಲ್ಲ. ಹಾಗಾಗಿ ಬಟರ್‌ಮಿಲ್ಕಿನ ರುಚಿಯನ್ನು ಪುಡಿಯೊಳಗೇ ಸೇರಿಸಿದರು, ಬರೀ ಹಾಲು ಹಾಕಿದ್ರೆ ಸಾಕು ಅಂದರು. 1983ರಲ್ಲಿ ಅಂಗಡಿಯ ಕಪಾಟಿನಲ್ಲಿ ಹೊರಗೇ ಇಡಬಹುದಾದ ಬಾಟಲಿ ಬಂತು. ಕಲಸುವ ಕೆಲಸವೂ ಹೋಯ್ತು. 1986ರಲ್ಲಿ ಡೊರಿಟೋಸ್ ಚಿಪ್ಸ್‌ನ 'ಕೂಲ್ ರ‍್ಯಾಂಚ್' ಬಂತು. ಅಲ್ಲಿ ಹಸಿ ಡ್ರೆಸ್ಸಿಂಗೇ ಇಲ್ಲ, ಉಳಿದದ್ದು ಪುಡಿಯ ರುಚಿ ಮಾತ್ರ. 1992ರಲ್ಲಿ ಇಟಾಲಿಯನ್ ಡ್ರೆಸ್ಸಿಂಗ್ ಅನ್ನು ಹಿಂದಿಕ್ಕಿ ರ‍್ಯಾಂಚ್ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಡ್ರೆಸ್ಸಿಂಗ್ ಆಯ್ತು. ಹೆನ್ಸನ್ 2007ರಲ್ಲಿ ತೀರಿಕೊಂಡ.

ಇದನ್ನೆಲ್ಲ ಓದ್ತಾ ನನಗೆ ಒಂದು ಕಸಿವಿಸಿ. ಬಾಟಲಿ ತಪ್ಪು ಅಂತಲ್ಲ, ದುಡಿದು ಬಂದವರಿಗೆ ಅದು ಅನುಕೂಲವೇ. ಆದರೆ ಪೊಟ್ಟಣದ ಕಾಲದಲ್ಲಿ ರುಚಿಯ ಅರ್ಧ ಜವಾಬ್ದಾರಿ ಮನೆಯವರದ್ದಾಗಿತ್ತು. ಗಟ್ಟಿ ಎಷ್ಟಿರಬೇಕು, ಹುಳಿ ಎಷ್ಟಿರಬೇಕು ಅಂತ ಅವರೇ ತೀರ್ಮಾನ ಮಾಡ್ತಿದ್ರು. ಇನ್ನೊಂದು ಮಾತು. ಹೆನ್ಸನ್ ಹೆಸರು ಎಲ್ಲ ಕಡೆ ಇದೆ, ಗೇಲ್ ಹೆಸರು 'ಹೆಂಡತಿಯೊಂದಿಗೆ' ಅನ್ನೋ ಒಂದು ಪದಕ್ಕೆ ಮುಗಿದುಹೋಗುತ್ತೆ. ಅತಿಥಿಗಳನ್ನು ಉಣಿಸಿ ನಡೆಸಿದ ಮನೆಯೊಂದರ ಕಥೆಯಲ್ಲಿ ಮನೆಯೊಡತಿಗೆ ಇಷ್ಟೇ ಜಾಗ!

ಈಗ ಅಮ್ಮನ ಪ್ರಶ್ನೆಗೆ ಬರೋಣ. ನಮ್ಮ ಮಜ್ಜಿಗೆ ಅಂದ್ರೆ ಮೊಸರು ಕಡೆದು, ಬೆಣ್ಣೆ ತೆಗೆದು, ನೀರು ಬೆರೆಸಿದ್ದು. ಅಮೆರಿಕದ ಅಂಗಡಿಯ ಬಟರ್‌ಮಿಲ್ಕ್ ಬೇರೆ. ಕೊಬ್ಬು ಕಡಿಮೆ ಮಾಡಿದ ಹಾಲಿಗೆ ಹೆಪ್ಪಿನ ಬ್ಯಾಕ್ಟೀರಿಯಾ ಹಾಕಿ ಹುಳಿ ಮಾಡಿದ್ದು, ನೀರು ಸೇರಿಸಿರಲ್ಲ, ಮಂದವಾಗಿರುತ್ತೆ. ಹಾಗಾಗಿ ಮನೇಲಿ ಮಾಡೋರು ತೆಳು ಮಜ್ಜಿಗೆ ಹಾಕಬೇಡಿ. ಮೆಯೊನೀಸ್ ಒಂದು ಕಪ್, ಹಾಲು ಒಂದು ಕಪ್, ಪುಡಿ ಒಂದು ಪೊಟ್ಟಣ. ಗಂಟಿಲ್ಲದ ಹಾಗೆ ಕಲಸಿ, ಕನಿಷ್ಠ ಅರ್ಧ ಗಂಟೆ ಫ್ರಿಡ್ಜಿನಲ್ಲಿಡಿ. ಒಣ ಬೆಳ್ಳುಳ್ಳಿ, ಸೊಪ್ಪು ನೀರು ಕುಡಿದು ರುಚಿ ಬಿಡೋಕೆ ಅಷ್ಟು ಹೊತ್ತು ಬೇಕು, ಸಾಸ್ ಮಂದವಾಗೋದೂ ಆವಾಗಲೇ. ಮೊಟ್ಟೆ ತಿನ್ನದವರು ಮೆಯೊನೀಸ್ ಬದಲು ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು ಹಾಕಿ, ಹಾಲನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಉಪ್ಪು ಮಾತ್ರ ಮತ್ತೆ ಹಾಕಬೇಡಿ, ಪುಡಿಯಲ್ಲೇ ಬೇಕಾದಷ್ಟಿದೆ.

ಅವತ್ತು ಅಮ್ಮ ನನ್ನ ನೀರು ಸಾಸನ್ನು ಚೆಲ್ಲಲಿಲ್ಲ. ಗಟ್ಟಿ ಮೊಸರು ಎರಡು ಸೌಟು ಹಾಕಿ, ತಿರುವಿ, ಫ್ರಿಡ್ಜಿನಲ್ಲಿಟ್ಟರು. ಬಂದ ಸ್ನೇಹಿತರು ಬಟ್ಟಲು ಬಳಿದು ತಿಂದು, ಯಾವ ಬ್ರ್ಯಾಂಡು ಅಂತ ಕೇಳಿದ್ರು. ಅಮ್ಮ ಕನ್ನಡದಲ್ಲೇ "ನಮ್ಮನೇದು" ಅಂದ್ರು.