ಇಸಿಲದ ಸೀಮೆಯ ಬೇಟೆನಾಯಿ

ಮೊಳಕಾಲ್ಮೂರು ಎಂದರೆ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ನೆನಪಾಗುವುದು ರೇಷ್ಮೆ ಸೀರೆ. ಚಳ್ಳಕೆರೆ ಎಂದರೆ ಶೇಂಗಾ ಎಣ್ಣೆ, ಇಲ್ಲವೇ ಕುರಿ ಉಣ್ಣೆಯ ಕಂಬಳಿ. ಈ ಎರಡು ಊರುಗಳ ನಡುವಿನ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಮಾತ್ರ ಮಾರ್ಗಶಿರ, ಪುಷ್ಯದ ಚಳಿ ಬಂತೆಂದರೆ ನಾಯಿ ನೆನಪಾಗುತ್ತದೆ. ಅದೂ ಬೇಟೆನಾಯಿ. ನಗಬೇಡಿ. ನಾಯಿಗೂ ಚರಿತ್ರೆ ಇದೆ, ಅದನ್ನು ನಮ್ಮ ಕನ್ನಡದವರು ಕಲ್ಲಿನ ಮೇಲೆ ಕೊರೆಸಿಯೂ ಇದ್ದಾರೆ.

ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ನಮ್ಮ ಕಡೆಯ ಕಲ್ಲು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಕಾಗದ ಅದು. ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುತ್ತದೆ. ನಮ್ಮ ತವರಿನ ಕಾಗದಗಳ ಹಾಗೆಯೇ. ತಾಯಿತಂದೆಯರ ಮಾತು ಕೇಳಬೇಕು, ಜೀವಿಗಳ ವಿಷಯದಲ್ಲಿ ದಯೆ ಗಟ್ಟಿಯಾಗಿರಬೇಕು, ಸತ್ಯ ನುಡಿಯಬೇಕು ಎಂಬ ಅರ್ಥದ ಮಾತು ಅದರಲ್ಲಿದೆ. ಪಕ್ಕದ ಕರ್ನೂಲು ಜಿಲ್ಲೆಯ ಎರ್ರಗುಡಿಯ ಬಂಡೆಯ ಮೇಲೆ ಅಶೋಕನ ಹದಿನಾಲ್ಕು ದೊಡ್ಡ ಶಾಸನಗಳೂ ಇವೆ. ಹಿಂದಿನ ಅರಸರು ಬೇಟೆಗೆ ಹೊರಡುತ್ತಿದ್ದರು, ನಾನು ಧರ್ಮಯಾತ್ರೆಗೆ ಹೊರಟೆ ಎಂದು ಅವನು ಅಲ್ಲಿ ಹೇಳಿಕೊಂಡಿದ್ದಾನೆ. ಅರಮನೆಯ ಅಡಿಗೆಗೆ ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಮಾತ್ರ ಕೊಲ್ಲುತ್ತಾರೆ, ಮುಂದೆ ಅದೂ ನಿಲ್ಲುತ್ತದೆ ಎಂದೂ ಬರೆಸಿದ್ದಾನೆ. ಚಕ್ರವರ್ತಿಯಾದರೇನು, ನಾಲಿಗೆಯ ರುಚಿ ಒಂದೇ ದಿನಕ್ಕೆ ಬಿಡುತ್ತದೆಯೇ? ಅದನ್ನು ಮುಚ್ಚಿಡದೆ ಒಪ್ಪಿಕೊಂಡಿದ್ದಾನಲ್ಲ, ಅದಕ್ಕೇ ನನಗೆ ಅವನ ಮೇಲೆ ಗೌರವ.

ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ರಾವಣನೊಡನೆ ಕಾದಾಡಿ ಜಟಾಯು ಬಿದ್ದನೆಂದು ನಮ್ಮವರ ನಂಬಿಕೆ. ಹೆಣ್ಣೊಬ್ಬಳಿಗಾಗಿ ಪ್ರಾಣ ಕೊಟ್ಟ ಹಕ್ಕಿಯ ಬೆಟ್ಟದ ಮೇಲೆಯೇ ಅಶೋಕನ ಆ ಮಾತೂ ಕೂತಿದೆ. ಬೆಟ್ಟದ ಕೆಳಗೆ ಇರುವವರು ಮಾತ್ರ ಬೇಡರು.

ನಮ್ಮ ಸೀಮೆಯ ಮ್ಯಾಸಬೇಡರನ್ನು ಬರೀ ಬೇಟೆಗಾರರೆಂದುಕೊಂಡರೆ ತಪ್ಪಾಗುತ್ತದೆ. ಅವರು ದನಗಾಹಿಗಳು, ದೇವರ ಎತ್ತುಗಳನ್ನು ದೇವರಂತೆಯೇ ಸಾಕುತ್ತಾರೆ. ಚಿತ್ರದುರ್ಗದ ಪಾಳೆಯಗಾರರೂ ಬೇಡ ಕುಲದವರೇ. 1779ರಲ್ಲಿ ದುರ್ಗ ಹೈದರಾಲಿಯ ಕೈಗೆ ಬಿದ್ದ ಮೇಲೆ ಕತ್ತಿ ಹಿಡಿದ ಕೈಗಳು ಮತ್ತೆ ಹೊಲಕ್ಕೂ ಹಟ್ಟಿಗೂ ಬಂದವು. ಕಾಡಿನ ಮಾಂಸ ತಿನ್ನುವ ಈ ಜನ ಕೋಳಿ ಮುಟ್ಟುವುದಿಲ್ಲ, ಸಾಕುವುದೂ ಇಲ್ಲ. ಹೆಂಡವೂ ಅವರಿಗೆ ನಿಷೇಧ. ಯಾಕೆಂದು ಚಿಕ್ಕಂದಿನಲ್ಲಿ ಕೇಳಿದರೆ ‘ಹಿರೇರ ಕಟ್ಟಳೆ ಕಣವ್ವ’ ಎಂಬಷ್ಟೇ ಉತ್ತರ ಸಿಗುತ್ತಿತ್ತು.

ನಾನು ಹೇಳುವುದು 1960ರ ದಶಕದ ಮಾತು. ನಮ್ಮ ಮನೆಯ ಹಿಂದಿನ ಹಟ್ಟಿಯಲ್ಲಿ ಒಬ್ಬ ಮುದುಕರಿದ್ದರು. ಮಕ್ಕಳೆಲ್ಲ ಅವರನ್ನು ಬ್ಯಾಟೆಜ್ಜ ಎಂದೇ ಕರೆಯುತ್ತಿದ್ದೆವು. ಅವರ ಹತ್ತಿರ ಕರಿಯ ಎಂಬ ಎಳೆ ನಾಯಿ. ವರ್ಷ ತುಂಬಿರಲಿಲ್ಲ, ಕಾಲು ಉದ್ದ, ಬುದ್ಧಿ ಗಿಡ್ಡ. ಶೇಂಗಾ ಕಿತ್ತು ಮುಗಿದ ಹೊಲದಲ್ಲಿ ಉದುರಿದ ಕಾಳಿಗೆ, ಹುಳಕ್ಕೆ ಕೌಜುಗ, ಲಾವುಗೆ ಇಳಿಯುವ ಕಾಲ. ಲಾವುಗೆಗಳಲ್ಲಿ ಒಂದು ಜಾತಿ ಚಳಿಗಾಲಕ್ಕೆಂದೇ ಉತ್ತರದಿಂದ ಬರುತ್ತದೆ. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಸೀಮೆ ನಮ್ಮದು, ಹಗಲೆಲ್ಲ ಬಿಸಿಲು. ಆದರೆ ಪುಷ್ಯದ ಬೆಳಗಿನ ಜಾವದಲ್ಲಿ ಬಯಲ ಗಾಳಿ ಬೀಸಿದರೆ ಕಂಬಳಿಯೊಳಗೂ ಹಲ್ಲು ಕಟಕಟ ಎನ್ನುತ್ತದೆ.

ಅಂಥ ಹೊತ್ತಿನಲ್ಲೇ ಎಳೆ ನಾಯಿಯನ್ನು ಕರೆದೊಯ್ಯಬೇಕಂತೆ. ಇಬ್ಬನಿ ಬಿದ್ದ ನೆಲದಲ್ಲಿ ವಾಸನೆ ಮೇಲೇಳದೆ ತಳದಲ್ಲೇ ಉಳಿದಿರುತ್ತದೆ. ಬಿಸಿಲೇರಿ ನೆಲ ಒಣಗಿದರೆ ಎಂಥ ಮೂಗಿಗೂ ಕಷ್ಟ. ಚಳಿಗೆ ಮುದುರಿ ಕೂತ ಲಾವುಗೆ ಕೂಡಲೇ ಏಳುವುದೂ ಇಲ್ಲ. ಗಾಳಿಗೆ ಎದುರಾಗಿ ನಡೆಯಬೇಕು, ಮಾತಾಡಬಾರದು. ಬ್ಯಾಟೆಜ್ಜ ಕರಿಯನ ಕೊರಳಿಗೆ ಉದ್ದನೆಯ ಹಗ್ಗ ಕಟ್ಟಿ, ಹಳೆಯ ನಾಯಿಯೊಂದನ್ನು ಮುಂದೆ ಬಿಟ್ಟಿರುತ್ತಿದ್ದರು. ಅದು ಹುಲ್ಲಿನ ಮುಂದೆ ಗಕ್ಕನೆ ನಿಂತರೆ ಕರಿಯ ಮಾತ್ರ ಹಾರಿ ಬೀಳುವನು. ಭರ್ರೆಂದು ಹಕ್ಕಿ ಎದ್ದು ಹೋಗುವುದು, ಹಗ್ಗ ಜಗ್ಗಿ ಇವನು ಪಲ್ಟಿ. ‘ತಡಿಯಲೇ!’ ಎಂದು ಒಂದು ಗದರಿಕೆ, ಅಷ್ಟೇ. ಹೊಡೆದದ್ದನ್ನು ನಾನು ನೋಡಲಿಲ್ಲ. ನನಗೆ ಹೇಳುವರು: ‘ಓಡಾದು ಎಲ್ಲಾ ನಾಯಿಗೂ ಬತ್ತೈತವ್ವ. ನಿಲ್ಲಾದು ಕಲಿಸ್ಬೇಕು.’

ನಾಯಿ ನಿಂತ ಮೇಲೆ ಇಬ್ಬರು ಬಲೆಯ ಎರಡು ತುದಿ ಹಿಡಿದು ಹುಲ್ಲಿನ ಮೇಲೆ ಮೆಲ್ಲಗೆ ಹಾಸುವರು. ದೂರದ ಇಂಗ್ಲೆಂಡಿನಲ್ಲೂ ಬಂದೂಕಿನ ಬೇಟೆ ಬಲಿಯುವ ಮುಂಚೆ ಇದೇ ಕ್ರಮವಿತ್ತೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಹಕ್ಕಿಯ ಮುಂದೆ ನೆಲಕ್ಕೆ ಕೂತುಬಿಡುವ ನಾಯಿಯ ಮೇಲಿಂದಲೇ ಬಲೆ ಎಳೆಯುತ್ತಿದ್ದರಂತೆ. ಅಲ್ಲಿಯ ಸೆಟ್ಟರ್ ಜಾತಿಗೆ ಆ ಹೆಸರು ಬಂದದ್ದೇ ಹಾಗೆ. ನಮ್ಮ ಹೆಸರಾಂತ ಮುಧೋಳದ ನಾಯಿ ಬೇರೆಯೇ ತರಹದ್ದು. ಅದು ಕಣ್ಣಿನಿಂದ ನೋಡಿ ಬೆನ್ನಟ್ಟುವ ನಾಯಿ, ಮೊಲಕ್ಕೆ ಸರಿ. ಹಕ್ಕಿಗೆ ಬೇಕಾದ್ದು ಮೂಗು ಮತ್ತು ತಾಳ್ಮೆ.

ಬೇಟೆ ಗಂಡಸರದ್ದು ಎನ್ನುತ್ತಾರೆ. ನಾಯಿ ಮಾತ್ರ ಹೆಂಗಸರ ಕೈಯಲ್ಲೇ ಬೆಳೆಯುತ್ತದೆ. ಬೆಳಗಿನಲ್ಲಿ ಹೋದ ಕರಿಯ ಕುಂಟುತ್ತಾ ಬಂದರೆ ಪಾದದ ನೆಗ್ಗಿಲು ಮುಳ್ಳು ತೆಗೆದು ಹರಳೆಣ್ಣೆ ಸವರುತ್ತಿದ್ದವಳು ಬ್ಯಾಟೆಜ್ಜನ ಸೊಸೆ. ಕಿವಿಯೊಳಗೆ ಹೊಕ್ಕ ಹುಲ್ಲಿನ ಸೂಜಿ ಹುಡುಕುವಾಗ ಅವನ ತಲೆಯನ್ನು ಮಡಿಲಲ್ಲಿ ಅದುಮಿಕೊಳ್ಳುವಳು. ಅವನಿಗೆ ಮುದ್ದೆ ಮುರಿದು ಹಾಕಿ, ರಾತ್ರಿ ಒಲೆಯ ಬೆಚ್ಚನೆಯ ಬೂದಿಯ ಹತ್ತಿರ ಮಲಗಲು ಬಿಡುವವಳೂ ಅವಳೇ. ಬಲೆಗೆ ಬಿದ್ದ ಹಕ್ಕಿಯ ಪುಕ್ಕ ಕೀಳುವ ಕೆಲಸವೂ ಅವಳದೇ. ಒಮ್ಮೆ ಕೈಯಲ್ಲಿದ್ದ ಲಾವುಗೆಯ ಎದೆ ಇನ್ನೂ ಬಿಸಿಯಿದೆ ಎಂದು ನನ್ನ ಬೆರಳು ಹಿಡಿದು ಮುಟ್ಟಿಸಿದಳು. ಏನೂ ಹೇಳಲಿಲ್ಲ. ಆ ಬಿಸಿ ನನ್ನ ಬೆರಳಿನ ತುದಿಯಲ್ಲಿ ಇವತ್ತಿಗೂ ಇದೆ.

ಈಗ ಆ ಇನ್ನೊಂದು ಕಲ್ಲಿನ ಮಾತು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ, ಕ್ರಿ.ಶ. 949-50ರದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗ ತಕ್ಕೋಲದಲ್ಲಿ ಚೋಳ ರಾಜಕುಮಾರನನ್ನು ಕೊಂದು ಗೆದ್ದ ಯುದ್ಧದ ಕಥೆ ಅದರಲ್ಲಿದೆ. ಬೂತುಗ ತನ್ನ ಬಂಟ ಮಣಲೆರನಿಗೆ, ಬೇಕಾದ್ದು ಕೇಳು ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ನಾಯಿಯನ್ನು! ಆ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರದ ಮುಂದೆ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಸಿದ. ಗೆದ್ದ ಅರಸರ ಹೆಸರುಗಳ ಸಾಲಿನಲ್ಲಿ ನಾಯಿಯ ಹೆಸರೂ ಉಳಿಯಿತು. ಕಾಳಿಗೆ ದಿನವೂ ಅನ್ನ ಹಾಕಿದವರು ಯಾರೋ, ಅವರ ಹೆಸರು ಮಾತ್ರ ಅದರಲ್ಲಿಲ್ಲ. ‘ನಾಯಿ ಮಾಡಿದ ಪಾಪ’ ಎಂಬ ಮಾತು ನನ್ನನ್ನು ಬಹಳ ಕಾಡಿದೆ. ಪಾಪ ನಾಯಿಯದೋ, ಬಿಟ್ಟವನದೋ?

ಕರಿಯ ಎರಡು ಚಳಿಗಾಲಗಳಲ್ಲಿ ನಿಲ್ಲುವುದನ್ನು ಕಲಿತ. ಕಲಿತ ಮೇಲೆ ಹುಲ್ಲಿನ ಮುಂದೆ ಒಂದು ಕಾಲು ಎತ್ತಿ ಹಿಡಿದು, ಮೈಯೆಲ್ಲ ನಡುಗುತ್ತಾ ನಿಲ್ಲುವನು. ಚಳಿಗೋ ಆಸೆಗೋ ಹೇಳುವುದು ಕಷ್ಟ. ಬ್ಯಾಟೆಜ್ಜ ಬಲೆಯಲ್ಲಿ ಸಿಕ್ಕ ಹಕ್ಕಿಗಳಲ್ಲಿ ಒಂದೆರಡನ್ನು ಪ್ರತಿ ಸಲವೂ ಹಾರಿಬಿಡುತ್ತಿದ್ದರು. ಆಗ ಕರಿಯ ಅವರ ಮುಖ ನೋಡುವ ರೀತಿ ಮಾತ್ರ ನಗು ತರಿಸುವಂತಿತ್ತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೇಟೆ ಅಪರಾಧವಾಯಿತು, ಆಗಬೇಕಾದ್ದೇ. ಬಂದೂಕು, ಜೀಪು, ಹೆಡ್‌ಲೈಟು ಬಂದ ಮೇಲೆ ಹಿರೇರ ಕಟ್ಟಳೆಗೆ ಬೆಲೆ ಎಲ್ಲಿಯದು? ಆದರೆ ಹಕ್ಕಿಗೆ ಕೊಲ್ಲುವವನು ನಿಂತರಷ್ಟೇ ಸಾಲದು, ಕೂರುವುದಕ್ಕೆ ಹುಲ್ಲೂ ಬೇಕು. ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಬಿಟ್ಟಿದ್ದ ಅಮೃತಮಹಲ್ ಕಾವಲುಗಳು ಚಳ್ಳಕೆರೆಯ ಸುತ್ತ ವಿಸ್ತಾರವಾಗಿದ್ದವು. ಕೃಷ್ಣಮೃಗ, ಕೌಜುಗ, ಕುರಿ, ಎತ್ತು ಎಲ್ಲಕ್ಕೂ ಅವೇ ಮನೆ. 2010ರ ಆಸುಪಾಸಿನಲ್ಲಿ ಅದರಲ್ಲಿ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಉದ್ದಕ್ಕೂ ಗೋಡೆ ಎದ್ದಿತು. ಹುಲ್ಲುಗಾವಲನ್ನು ಸರ್ಕಾರದ ಕಾಗದ ಎಷ್ಟೋ ಸಲ ಪಾಳು ಎಂದೇ ಕರೆಯುತ್ತದೆ. ಊರವರು ಪ್ರತಿಭಟಿಸಿದರು, ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಡವೆಂದು ನಾನು ಹೇಳಲಾರೆ. ಆ ಹುಲ್ಲಿನ ಮೇಲೆ ಬದುಕಿದ್ದವರನ್ನು ಮೊದಲು ಒಂದು ಮಾತು ಕೇಳಬಹುದಿತ್ತು. ಇಸಿಲದವರ ಆರೋಗ್ಯ ವಿಚಾರಿಸಿದ ಹಾಗೆ.

ಗೋಡೆಯ ಹೊರಗಿನ ಹೊಲಗಳಲ್ಲಿ ಪುಷ್ಯದ ಬೆಳಗಿನಲ್ಲಿ ಕೌಜುಗ ಇನ್ನೂ ಕೂಗುತ್ತದೆ. ಕುರಿಹಟ್ಟಿಯ ನಾಯಿಗಳು ಆ ಕೂಗಿಗೆ ಕಿವಿ ನಿಮಿರಿಸುತ್ತವೆ, ಎರಡು ಹೆಜ್ಜೆ ಓಡುತ್ತವೆ, ಆಮೇಲೆ ಕುರಿಗಳ ಕಡೆಗೆ ತಿರುಗುತ್ತವೆ.