ಅಂಗೈಯಗಲದ ದೇಶ, ಎರಡು ಚಿನ್ನ

ನಮ್ಮಂಥ ಕೇಂದ್ರ ಸರ್ಕಾರದ ನೌಕರರಿಗೆ ಎಲ್‌ಟಿಸಿ ಎಂಬ ಸೌಲಭ್ಯ ಇರುವುದು ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿಗೆ ಗೊತ್ತೇ ಇದೆ. ಊರಿಗೆ ಹೋಗಿಬರಲು ಸರ್ಕಾರ ಪ್ರಯಾಣದ ಖರ್ಚು ಕೊಡುತ್ತದೆ. ಆದರೆ ಕೆಲಸಕ್ಕೆ ಸೇರಿದ ಹೊಸತರಲ್ಲೇ 'ನಿಮ್ಮ ಸ್ವಂತ ಊರು ಯಾವುದು' ಎಂದು ಬರೆದುಕೊಡಬೇಕು. ಒಮ್ಮೆ ಬರೆದರೆ ಮುಗಿಯಿತು. ಇಡೀ ಸೇವಾವಧಿಯಲ್ಲಿ ಒಂದೇ ಒಂದು ಬಾರಿ, ಅದೂ ತಕ್ಕ ಕಾರಣ ತೋರಿಸಿದರೆ, ಬದಲಾಯಿಸಲು ಅವಕಾಶ. ನಾನು ಬರೆದುಕೊಟ್ಟದ್ದು ತಿಪಟೂರು. ಅಲ್ಲಿನ ಮನೆ ಮಾರಿ ಹನ್ನೊಂದು ವರ್ಷವಾಯಿತು. ದೆಹಲಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಒಂದು ದಿನ ಆ ಕಾಗದದ ನಕಲು ನೋಡಿ, "ಅಪ್ಪ, ಇದು ನಿಮ್ಮ ಊರು ಸರಿ. ನನ್ನ ಊರು ಯಾವುದು?" ಎಂದು ಕೇಳಿದಳು. ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಅದರ ಬದಲು ಒಂದು ಕಥೆ ಹೇಳಿದೆ. ಅದು ಕಟ್ಟುಕಥೆಯಲ್ಲ, ಚರಿತ್ರೆ. ಅದನ್ನೇ ಇಲ್ಲಿ ತುಸು ವಿಸ್ತರಿಸಿ ಬರೆಯುತ್ತಿದ್ದೇನೆ.

ಯೂರೋಪಿನ ಆಲ್ಪ್ಸ್ ಪರ್ವತಗಳ ನಡುವೆ, ಸ್ವಿಟ್ಜರ್ಲೆಂಡ್ ಮತ್ತು ಆಸ್ಟ್ರಿಯಾಗಳ ಮಧ್ಯೆ ಸಿಕ್ಕಿಕೊಂಡಂತೆ ಲಿಕ್ಟೆನ್‌ಸ್ಟೈನ್ ಎಂಬ ದೇಶವಿದೆ. ವಿಸ್ತೀರ್ಣ 160 ಚದರ ಕಿಲೋಮೀಟರು. ನಮ್ಮ ದೆಹಲಿಯೊಳಗೆ ಅಂಥ ಒಂಬತ್ತು ದೇಶಗಳನ್ನು ಇಡಬಹುದು. ಕೊಡಗು ಜಿಲ್ಲೆಯಲ್ಲಾದರೆ ಇಪ್ಪತ್ತೈದು. ಒಂದು ಪಕ್ಕದಲ್ಲಿ ರೈನ್ ನದಿ, ಇನ್ನೊಂದು ಪಕ್ಕದಲ್ಲಿ ಹಿಮದ ಬೆಟ್ಟ. ರಾಜಧಾನಿ ವಾಡುಜ್. ಸ್ವಂತ ಸೈನ್ಯವಿಲ್ಲ, 1868ರಲ್ಲೇ ಅದನ್ನು ವಿಸರ್ಜಿಸಿದರು. ಸ್ವಂತ ನಾಣ್ಯವೂ ಇಲ್ಲ, ನಡೆಯುವುದು ಸ್ವಿಸ್ ಫ್ರಾಂಕು. ರಾಷ್ಟ್ರಗೀತೆಯ ಸಾಹಿತ್ಯ ಸ್ವಂತದ್ದು, ಧಾಟಿ ಮಾತ್ರ ಬ್ರಿಟನ್ನಿನ ರಾಷ್ಟ್ರಗೀತೆಯದೇ.

ಈ ದೇಶದ ಹೆಸರಿನ ಹಿಂದೆಯೇ ಒಂದು ಸ್ವಾರಸ್ಯವಿದೆ. ಲಿಕ್ಟೆನ್‌ಸ್ಟೈನ್ ಎಂಬುದು ಮೊದಲು ಒಂದು ಮನೆತನದ ಹೆಸರು. ವಿಯೆನ್ನಾದ ಆಸ್ಥಾನದಲ್ಲಿ ಪ್ರಭಾವವಿದ್ದ ಈ ಶ್ರೀಮಂತ ಮನೆತನಕ್ಕೆ ಸಾಮ್ರಾಜ್ಯದ ಸಭೆಯಲ್ಲಿ ಒಂದು ಸ್ಥಾನ ಬೇಕಾಗಿತ್ತು. ಅದಕ್ಕೆ ನೇರವಾಗಿ ಚಕ್ರವರ್ತಿಯ ಅಧೀನದಲ್ಲಿರುವ ಭೂಮಿ ಬೇಕು. ಹಾಗಾಗಿ 1699ರಲ್ಲಿ ಶೆಲೆನ್‌ಬರ್ಗನ್ನೂ 1712ರಲ್ಲಿ ವಾಡುಜನ್ನೂ ಕೊಂಡುಕೊಂಡರು. 1719ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್ ಎರಡನ್ನೂ ಸೇರಿಸಿ ಒಂದು ಸಂಸ್ಥಾನ ಮಾಡಿ ಮನೆತನದ ಹೆಸರನ್ನೇ ಇಟ್ಟನು. ಒಡೆಯರೇನೋ ಆದರು, ಆದರೆ ವಾಸಕ್ಕೆ ಬರಲಿಲ್ಲ. ರಾಜನೊಬ್ಬ ತನ್ನ ದೇಶದಲ್ಲೇ ಮನೆ ಮಾಡಿದ್ದು 1938ರಲ್ಲಿ, ಎರಡನೆಯ ಫ್ರಾನ್ಸ್ ಜೋಸೆಫನ ಕಾಲಕ್ಕೆ. ಇನ್ನೂರ ಹತ್ತೊಂಬತ್ತು ವರ್ಷ ಆ ರಾಜಮನೆತನವೇ ಪರಊರಿನಲ್ಲಿತ್ತು ಎಂದಾಯಿತು!

ಈ ದೇಶ ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಹೋದದ್ದು 1936ರಲ್ಲಿ. ಆ ವರ್ಷ ಚಳಿಗಾಲದ ಕ್ರೀಡೆಗಳು ಜರ್ಮನಿಯ ಗಾರ್ಮಿಶ್-ಪಾರ್ಟೆನ್‌ಕಿರ್ಷೆನ್‌ನಲ್ಲಿ ನಡೆದವು. ದೇಶದ ಒಲಿಂಪಿಕ್ ಸಮಿತಿಯನ್ನು ಕಟ್ಟಲು ಓಡಾಡಿದವರಲ್ಲಿ ಮುಖ್ಯನಾದವನು ಎಡ್ವರ್ಡ್ ಫಾನ್ ಫಾಲ್ಟ್ಸ್-ಫೈನ್. ಹಿಮಬಂಡಿಯ ಸ್ಪರ್ಧೆಯಲ್ಲಿ ತಾನೇ ಕುಳಿತು ದೇಶವನ್ನು ಪ್ರತಿನಿಧಿಸಿದನು. ಇವನಾದರೂ ಅಲ್ಲಿಯವನೇ? ಅಲ್ಲ. ರಷ್ಯನ್ ಸಾಮ್ರಾಜ್ಯದಲ್ಲಿ ಹುಟ್ಟಿ, ಕ್ರಾಂತಿಯ ಕಾಲದಲ್ಲಿ ಮನೆಮಠ ಬಿಟ್ಟು ಬಂದ ಕುಟುಂಬದವನು.

ಅದೇ ವರ್ಷ ಬೇಸಗೆಯಲ್ಲಿ ಬರ್ಲಿನ್ ಒಲಿಂಪಿಕ್ಸ್ ನಡೆಯಿತು. ಅಲ್ಲಿ ನೋಡಿದರೆ ಇವರ ನೀಲಿ-ಕೆಂಪು ಬಾವುಟವೂ ಕೆರಿಬಿಯನ್ ಸಮುದ್ರದ ಹೈಟಿ ದೇಶದ ಬಾವುಟವೂ ಒಂದೇ! ಮರುವರ್ಷ, 1937ರಲ್ಲಿ, ತಮ್ಮ ಬಾವುಟದ ಮೇಲೆ ಒಂದು ಚಿನ್ನದ ಬಣ್ಣದ ಕಿರೀಟ ಸೇರಿಸಿಕೊಂಡರು. ಗುರುತು ಎಂಬುದು ನಾಲ್ಕು ಜನರ ನಡುವೆ ಹೋಗಿ ನಿಂತಾಗಲೇ ಬೇಕಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರದು. ತಿಪಟೂರಿನಲ್ಲಿದ್ದಾಗ ನಾನು ಕನ್ನಡಿಗನೆಂದು ಯಾರಿಗೂ ಹೇಳಿಕೊಂಡವನಲ್ಲ. ಹೇಳಬೇಕಾಗಿ ಬಂದದ್ದು ದೆಹಲಿಯಲ್ಲಿ.

ಈಗ ಕಥೆಯ ನಾಯಕಿಯ ವಿಷಯಕ್ಕೆ ಬರೋಣ. ಹನ್ನಿ ವೆಂಜೆಲ್ ಹುಟ್ಟಿದ್ದು 1956ರ ಡಿಸೆಂಬರಿನಲ್ಲಿ, ಪಶ್ಚಿಮ ಜರ್ಮನಿಯ ಬವೇರಿಯಾ ಪ್ರಾಂತದ ಸ್ಟ್ರೌಬಿಂಗ್ ಎಂಬಲ್ಲಿ. ಒಂದು ವರ್ಷದ ಕೂಸಾಗಿದ್ದಾಗ ಕುಟುಂಬ ಲಿಕ್ಟೆನ್‌ಸ್ಟೈನಿಗೆ ಬಂದು ನೆಲೆಸಿತು. ಅಲ್ಲಿಯ ಬೆಟ್ಟದಲ್ಲೇ ಹಿಮದ ಮೇಲೆ ಜಾರುವುದನ್ನು ಕಲಿತು ಬೆಳೆದಳು. ಆದರೆ ಬೆಳೆದ ಮಾತ್ರಕ್ಕೆ ಅಲ್ಲಿಯವಳಾಗಲಿಲ್ಲ. ಆ ದೇಶದಲ್ಲಿ ಪೌರತ್ವ ಸುಲಭವಾಗಿ ದಕ್ಕುವ ವಸ್ತುವಲ್ಲ. ಜನಸಂಖ್ಯೆಯ ಸುಮಾರು ಮೂರನೆಯ ಒಂದು ಪಾಲು ಪರದೇಶದವರು, ಹಳಬರು ಒಪ್ಪಿ ಸೇರಿಸಿಕೊಂಡರೆ ಉಂಟು. ಹನ್ನಿಗೆ ಪೌರತ್ವ ಸಿಕ್ಕಿದ್ದು 1974ರಲ್ಲಿ ಸೇಂಟ್ ಮೊರಿಟ್ಸ್‌ನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ ಸ್ಲಾಲಂ ಚಿನ್ನ ಗೆದ್ದ ಬಳಿಕ. ಗೆದ್ದು ಬಂದ ಮೇಲೆ ಎಲ್ಲರಿಗೂ ನಮ್ಮ ಹುಡುಗಿಯೇ! ಇದು ಎಲ್ಲ ದೇಶಗಳಲ್ಲೂ ಕಾಣುವ ಮಾತು.

ಸ್ಲಾಲಂ ಎಂದರೇನೆಂದು ಒಂದು ಮಾತು ಹೇಳಬೇಕು. ಇಳಿಜಾರಿನಲ್ಲಿ ಕಂಬಗಳನ್ನು ನೆಟ್ಟಿರುತ್ತಾರೆ. ಅವುಗಳ ನಡುವೆ ಹಾವಿನಂತೆ ಹೊರಳುತ್ತ ಕೆಳಗಿಳಿಯಬೇಕು. ಕಂಬಗಳ ಅಂತರ ಹೆಚ್ಚಿದರೆ ಅದು ಜಯಂಟ್ ಸ್ಲಾಲಂ. ಹೆಚ್ಚು ತಿರುವುಗಳಿಲ್ಲದೆ ಬಾಣದಂತೆ ಇಳಿಯುವುದು ಡೌನ್‌ಹಿಲ್. ಬಿ.ಎಸ್ಸಿ. ಪಾಠದ ಭಾಷೆಯಲ್ಲಿ ಹೇಳುವುದಾದರೆ ಮೂರರಲ್ಲೂ ಎಂಜಿನ್ ಒಂದೇ, ಅದು ಗುರುತ್ವಾಕರ್ಷಣೆ. ಎತ್ತರದಿಂದ ದೊರೆತ ಶಕ್ತಿ ವೇಗವಾಗಿ ಮಾರ್ಪಡುತ್ತದೆ. ಗಾಳಿ ಮತ್ತು ಹಿಮದ ಘರ್ಷಣೆ ಅದನ್ನು ತಿನ್ನುತ್ತವೆ. ತಿರುವಿನಲ್ಲಿ ಹಲಗೆ ಅಡ್ಡಡ್ಡ ಸರಿದಷ್ಟೂ ನಷ್ಟ ಹೆಚ್ಚು. ಬೆಟ್ಟ ಎಲ್ಲರಿಗೂ ಒಂದೇ ಬಂಡವಾಳ ಕೊಡುತ್ತದೆ, ಕಡಿಮೆ ಪೋಲು ಮಾಡಿದವರು ಗೆಲ್ಲುತ್ತಾರೆ. ಲೆಕ್ಕವನ್ನು ಸೆಕೆಂಡಿನ ನೂರನೆಯ ಒಂದು ಭಾಗದವರೆಗೆ ಇಡುತ್ತಾರೆ.

1976ರಲ್ಲಿ ಪಕ್ಕದ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ನಡೆದ ಕ್ರೀಡೆಗಳಲ್ಲಿ ಹನ್ನಿ ಸ್ಲಾಲಂನಲ್ಲಿ ಕಂಚು ಗೆದ್ದಳು. ಲಿಕ್ಟೆನ್‌ಸ್ಟೈನಿನ ಚರಿತ್ರೆಯಲ್ಲಿ ಅದೇ ಮೊದಲ ಒಲಿಂಪಿಕ್ ಪದಕ. ಕೆಲವೇ ದಿನಗಳಲ್ಲಿ ಗಂಡಸರ ಸ್ಲಾಲಂನಲ್ಲಿ ವಿಲ್ಲಿ ಫ್ರೊಮೆಲ್ಟ್ ಇನ್ನೊಂದು ಕಂಚು ತಂದನು.

ಆಮೇಲೆ ಬಂದದ್ದು 1980ರ ಫೆಬ್ರವರಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಲೇಕ್ ಪ್ಲಾಸಿಡ್ ಎಂಬ ಚಿಕ್ಕ ಊರಿನಲ್ಲಿ ಚಳಿಗಾಲದ ಒಲಿಂಪಿಕ್ಸ್. ಆ ವರ್ಷ ಆಕಾಶದಿಂದ ಬಿದ್ದ ಹಿಮ ಸಾಲದೆ, ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಯಂತ್ರದಿಂದ ಹಿಮ ತಯಾರಿಸಿ ಹಾಸಿದರು. 17ರಂದು ಡೌನ್‌ಹಿಲ್. ಆಸ್ಟ್ರಿಯಾದ ಹೆಸರಾಂತ ಆನೆಮರೀ ಮೋಸರ್-ಪ್ರೋಲ್ ಮೊದಲು, ಹನ್ನಿ ಎರಡನೆಯವಳು. ಅದಾದ ಮೇಲೆ ಗಂಡಸರ ಜಯಂಟ್ ಸ್ಲಾಲಂ. ಸ್ವೀಡನ್ನಿನ ಇಂಗೆಮಾರ್ ಸ್ಟೆನ್‌ಮಾರ್ಕ್‌ನ ಹಿಂದೆಯೇ ಎರಡನೆಯವನಾಗಿ ಬಂದವನು ಹನ್ನಿಯ ತಮ್ಮ ಆಂದ್ರೆಯಾಸ್. 21ರಂದು ಮುಗಿದ ಹೆಂಗಸರ ಜಯಂಟ್ ಸ್ಲಾಲಂನಲ್ಲಿ ಹನ್ನಿಗೆ ಚಿನ್ನ. ಎರಡನೆಯವಳಿಗಿಂತ ಅರ್ಧ ಸೆಕೆಂಡಿಗೂ ಕಡಿಮೆ ಅಂತರ. ಎರಡು ದಿನ ಬಿಟ್ಟು ಸ್ಲಾಲಂನಲ್ಲಿ ಮತ್ತೊಂದು ಚಿನ್ನ. ಈ ಬಾರಿ ಅಂತರ 1.41 ಸೆಕೆಂಡು, ನೂರನೆಯ ಭಾಗಗಳ ಲೆಕ್ಕದಲ್ಲಿ ಇದು ಗಾವುದ ದೂರ.

ಎರಡು ಚಿನ್ನ, ಎರಡು ಬೆಳ್ಳಿ. ನಾಲ್ಕೂ ಒಂದೇ ಮನೆಗೆ. ಪದಕಪಟ್ಟಿಯಲ್ಲಿ ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ, ಅಮೆರಿಕ, ಆಸ್ಟ್ರಿಯಾ, ಸ್ವೀಡನ್ನುಗಳ ನಂತರ ಆರನೆಯ ಸ್ಥಾನ ಲಿಕ್ಟೆನ್‌ಸ್ಟೈನಿನದು. ಸ್ವಿಟ್ಜರ್ಲೆಂಡ್ ಕೂಡ ಅದರ ಕೆಳಗೆ. ಆಗ ಆ ದೇಶದ ಜನಸಂಖ್ಯೆ ಸುಮಾರು 25,000. ಅಂದರೆ ಆರು ಸಾವಿರ ಚಿಲ್ಲರೆ ಜನಕ್ಕೆ ಒಂದು ಪದಕ. ಅದೇ ತ್ರೈರಾಶಿಯನ್ನು ಅಂದಿನ ಭಾರತದ 68 ಕೋಟಿಗೆ ಅನ್ವಯಿಸಿದರೆ ನಮಗೆ ಒಂದು ಲಕ್ಷ ಪದಕಗಳು ಬರಬೇಕಾಗಿತ್ತು! ಗುಮಾಸ್ತನ ಲೆಕ್ಕ, ನಕ್ಕು ಬಿಟ್ಟುಬಿಡಿ.

ನನಗೆ ಇದಕ್ಕಿಂತ ಹೆಚ್ಚು ಮನಸ್ಸಿಗೆ ತಟ್ಟಿದ್ದು ಬೇರೊಂದು ಸಂಗತಿ. ಆ ಕ್ರೀಡೆಗಳಲ್ಲಿ ಪಶ್ಚಿಮ ಜರ್ಮನಿಗೆ ಒಂದೂ ಚಿನ್ನ ಬರಲಿಲ್ಲ. ಬಂದದ್ದು ಎರಡು ಬೆಳ್ಳಿ. ಐರೀನ್ ಎಪ್ಲಳಿಗೆ ಜಯಂಟ್ ಸ್ಲಾಲಂನಲ್ಲಿ, ಕ್ರಿಸ್ಟಾ ಕಿನ್ಸ್‌ಹೋಫರಳಿಗೆ ಸ್ಲಾಲಂನಲ್ಲಿ. ಎರಡೂ ಸಲ ಮುಂದೆ ಇದ್ದವಳು ಹನ್ನಿ, ಅವರ ನೆಲದಲ್ಲೇ ಹುಟ್ಟಿದವಳು. ಹುಟ್ಟಿದ ದೇಶಕ್ಕೆ ತಪ್ಪಿದ ಚಿನ್ನ ಬೆಳೆಸಿದ ದೇಶಕ್ಕೆ ಸಂದಿತು.

ಆದರೆ ಬೆಳೆಸಿದ ದೇಶವಾದರೂ ಅವಳಿಗೆ ಎಲ್ಲವನ್ನೂ ಕೊಟ್ಟಿತ್ತೇ? ಇಲ್ಲ. 1980ರಲ್ಲಿ ಲಿಕ್ಟೆನ್‌ಸ್ಟೈನಿನ ಹೆಂಗಸರಿಗೆ ದೇಶದ ಚುನಾವಣೆಯಲ್ಲಿ ಮತ ಹಾಕುವ ಹಕ್ಕೇ ಇರಲಿಲ್ಲ. 1971ರಲ್ಲೂ 1973ರಲ್ಲೂ ಈ ಪ್ರಶ್ನೆಯನ್ನು ಜನರ ಮುಂದಿಟ್ಟಿದ್ದರು. ಜನ ಎಂದರೆ ಗಂಡಸರು. ಅವರು ಎರಡು ಬಾರಿಯೂ ಬೇಡವೆಂದರು. ಎರಡು ಚಿನ್ನ ತಂದು ರಾಷ್ಟ್ರಗೀತೆಯನ್ನು ಲೋಕಕ್ಕೆಲ್ಲ ಕೇಳಿಸಿದ ಇಪ್ಪತ್ತಮೂರರ ಹೆಣ್ಣುಮಗಳು, ಆ ದೇಶದ ಸಂಸತ್ತಿಗೆ ಒಂದು ಚೀಟಿ ಹಾಕುವಂತಿರಲಿಲ್ಲ! ಕೊನೆಗೆ 1984ರ ಜುಲೈ ಮೊದಲನೆಯ ದಿನ ಹಕ್ಕು ಸಿಕ್ಕಿತು. ಅದೂ ನೂರಕ್ಕೆ 51ರ ಕೂದಲೆಳೆಯ ಅಂತರದಲ್ಲಿ. ಸ್ಲಾಲಂನ ಅಂತರವೇ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅದೇ 1984ರಲ್ಲಿ ಸರಾಯೇವೊದಲ್ಲಿ ಮುಂದಿನ ಕ್ರೀಡೆಗಳು ನಡೆದವು. ಅಲ್ಲಿ ಹನ್ನಿಗೆ ಪ್ರವೇಶವಿರಲಿಲ್ಲ. ಜಾಹೀರಾತಿನ ಹಣವನ್ನು ನೇರವಾಗಿ ಪಡೆಯುವ ಪರವಾನಗಿ ಹೊಂದಿದ್ದಳೆಂದು ಒಲಿಂಪಿಕ್ ನಿಯಮ ಅವಳನ್ನೂ ಸ್ಟೆನ್‌ಮಾರ್ಕ್‌ನನ್ನೂ ಹೊರಗಿಟ್ಟಿತು. ಆ ವರ್ಷವೇ ಅವಳು ಸ್ಪರ್ಧೆಗಳಿಂದ ನಿವೃತ್ತಳಾದಳು. ತಮ್ಮ ಆಂದ್ರೆಯಾಸ್ ಹಾಗೂ ಉರ್ಸುಲಾ ಕೊನ್ಸೆಟ್ ಸರಾಯೇವೊದಿಂದ ಒಂದೊಂದು ಕಂಚು ತಂದರು. 1988ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ವಿಲ್ಲಿಯ ತಮ್ಮ ಪಾಲ್ ಫ್ರೊಮೆಲ್ಟ್ ಇನ್ನೊಂದು ಕಂಚು ಗೆದ್ದ ಮೇಲೆ ಮೂವತ್ತು ವರ್ಷ ಆ ದೇಶಕ್ಕೆ ಪದಕದ ಬರಗಾಲ.

ಬರ ನೀಗಿಸಿದವಳು ಟೀನಾ ವೈರಾತರ್. ಹನ್ನಿಯ ಮಗಳು, ತಂದೆ ಹಾರ್ಟಿ ವೈರಾತರ್, ಆಸ್ಟ್ರಿಯಾದವನು, 1982ರ ಡೌನ್‌ಹಿಲ್ ವಿಶ್ವ ಚಾಂಪಿಯನ್. ಮಂಡಿಯ ಗಾಯದಿಂದ 2010ರ ಕ್ರೀಡೆಗಳು ಅವಳ ಕೈತಪ್ಪಿದ್ದವು. 2014ರಲ್ಲಿ ಸೋಚಿಯಲ್ಲಿ ದೇಶದ ಬಾವುಟ ಹಿಡಿದು ನಡೆದಳು, ಆದರೆ ಅಭ್ಯಾಸದಲ್ಲಿ ಬಿದ್ದು ಸ್ಪರ್ಧಿಸಲಾಗಲಿಲ್ಲ. 2018ರಲ್ಲಿ ದಕ್ಷಿಣ ಕೊರಿಯಾದ ಪ್ಯೊಂಗ್‌ಚಾಂಗ್‌ನಲ್ಲಿ ಸೂಪರ್-ಜಿ ಸ್ಪರ್ಧೆಯಲ್ಲಿ ಕಂಚು ಸಿಕ್ಕಿತು. ಮೊದಲನೆಯವಳಿಗೂ ಇವಳಿಗೂ ನಡುವೆ 0.11 ಸೆಕೆಂಡು. ದಿನ ಫೆಬ್ರವರಿ 17. ಮೂವತ್ತೆಂಟು ವರ್ಷದ ಹಿಂದೆ ತಾಯಿ ಡೌನ್‌ಹಿಲ್ ಬೆಳ್ಳಿ ಗೆದ್ದ ದಿನವೇ. 2022ರ ವರೆಗೆ ಲಿಕ್ಟೆನ್‌ಸ್ಟೈನಿಗೆ ಬಂದ ಒಲಿಂಪಿಕ್ ಪದಕಗಳು ಒಟ್ಟು ಹತ್ತು, ಹತ್ತೂ ಹಿಮದ ಇಳಿಜಾರಿನವು. ಅವುಗಳಲ್ಲಿ ಏಳು ಹೊರಗಿನಿಂದ ಬಂದ ಆ ಒಂದೇ ಮನೆಯವು.

ನಮ್ಮ ದೇಶದ ಕಥೆಯೂ ಇದಕ್ಕೆ ತೀರ ದೂರವಲ್ಲ. 1964ರಲ್ಲಿ ಇದೇ ಇನ್ಸ್‌ಬ್ರುಕ್‌ನಲ್ಲಿ ನಡೆದ ಕ್ರೀಡೆಗಳಿಗೆ ಭಾರತ ಮೊದಲ ಬಾರಿಗೆ ಹೋಯಿತು. ಹೋದವನು ಒಬ್ಬನೇ, ಜೆರೆಮಿ ಬುಜಕೋವ್ಸ್ಕಿ, ಪೋಲೆಂಡ್ ಮೂಲದವನು. ಪದಕವೇನೂ ಬರಲಿಲ್ಲ. ಆದರೆ ಹಿಮದ ಮೇಲೆ ನಮ್ಮ ತ್ರಿವರ್ಣ ಧ್ವಜವನ್ನು ಮೊದಲು ಕೊಂಡೊಯ್ದ ಕೈ ಅವನದು.

ಕಥೆ ಮುಗಿಸಿದ ಮೇಲೆ ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದರೆ ಹನ್ನಿಯ ಎಲ್‌ಟಿಸಿ ಕಾಗದದಲ್ಲಿ ಯಾವ ಊರು ಬರೆಯಬೇಕು?" ಎಂದಳು. "ಟೀನಾಳ ಕಾಗದವಾದರೆ ಸುಲಭ, ಅವಳು ವಾಡುಜ್ ಎಂದು ಯೋಚಿಸದೆ ಬರೆಯುತ್ತಾಳೆ. ಹನ್ನಿ ಮಾತ್ರ ಪೆನ್ನು ಹಿಡಿದು ಒಂದು ನಿಮಿಷ ಕೂತುಕೊಳ್ಳುತ್ತಾಳೆ" ಎಂದೆ. ಮಗಳು ನನ್ನ ಮುಖ ನೋಡಿ ನಕ್ಕಳು. ಅವಳು ಟೀನಾ, ನಾನು ಹನ್ನಿ ಎಂದು ಅವಳಿಗೆ ತಿಳಿಯಿತು.

ಊರು ಬದಲಾಯಿಸಿಕೊಳ್ಳುವ ಆ ಒಂದು ಅವಕಾಶವನ್ನು ನಾನಿನ್ನೂ ಬಳಸಿಲ್ಲ. ಬಹುಶಃ ಬಳಸುವುದೂ ಇಲ್ಲ. ಆದರೆ ಇನ್ನು ಮುಂದೆ ಮಗಳು ತನ್ನ ಊರು ದೆಹಲಿ ಎಂದು ಕನ್ನಡದಲ್ಲಿ ಹೇಳಿದರೆ ನಾನು ತಿದ್ದಲು ಹೋಗುವುದಿಲ್ಲ.